ಓಲೆಗರಿಗಳ ಛಾಯಾಪ್ರತಿಗಳಿಗೆ ನಾಮಕರಣ ಮತ್ತು ಹಳೆಯ ಕಡತಗಳ ಸ್ವರೂಪಶೋಧನೆ

ಓಲೆಗರಿಯ ಕಟ್ಟಿಗೆ ಕ್ರಮವನ್ನು ಕೊಡುವ ಸಾಧನಗಳು ಎರಡು: ರಂಧ್ರಗಳಲ್ಲಿ ಹಾಯ್ದ ದಾರ ಮತ್ತು ಗರಿಯ ಅಂಚಿನಲ್ಲಿ ಲಿಪಿಕಾರನು ಬರೆದ ಅಂಕಿ. ದಾರ ಕಡಿದರೂ ಅಂಕಿ ಉಳಿದಿದ್ದರೆ ಗ್ರಂಥವನ್ನು ಮರಳಿ ಜೋಡಿಸಬಹುದು. ಆದರೆ ಗರಿಗಳ ಛಾಯಾಚಿತ್ರಗಳು ಗಣಕಯಂತ್ರವನ್ನು ಸೇರಿದಾಗ ದಾರವಿರುವುದಿಲ್ಲ. ಅಂಕಿಯು ಚಿತ್ರದೊಳಗೆ ಅಡಗಿರುವುದರಿಂದ ಯಂತ್ರವು ಅದನ್ನು ತಾನಾಗಿ ಓದಲಾರದು. ಅಲ್ಲಿ ಕ್ರಮವನ್ನು ಕಾಯುವ ಹೊಣೆ ಮುಖ್ಯವಾಗಿ ಕಡತದ ಹೆಸರಿನ ಮೇಲೆ ಬೀಳುತ್ತದೆ. ಆದುದರಿಂದ ಛಾಯಾಪ್ರತಿಗಳ ನಾಮಕರಣವು ಗ್ರಂಥಸಂಪಾದನೆಯ ಮೊದಲ ಹೆಜ್ಜೆಯೆಂದೇ ಗಣನೀಯವಾಗಿದೆ.

ಕ್ಯಾಮರಾ ತಾನು ತೆಗೆದ ಚಿತ್ರಗಳಿಗೆ ಒಂದು ಅನುಕ್ರಮ ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ತತ್ತ್ವಾರ್ಥಸೂತ್ರದ ನಾಲ್ಕು ನಿಕ್ಷೇಪಗಳಲ್ಲಿ ಇದು ನಾಮನಿಕ್ಷೇಪಕ್ಕೆ ಸದೃಶವಾದುದು. ವ್ಯವಹಾರಕ್ಕಾಗಿ ಇಟ್ಟ ಈ ಹೆಸರು ವಸ್ತುವಿನ ಗುಣವನ್ನು ಅಪೇಕ್ಷಿಸದು. ಅನೇಕ ಕ್ಯಾಮರಾಗಳಲ್ಲಿ ಈ ಸಂಖ್ಯೆ 9999ಕ್ಕೆ ಮುಗಿದು ಪುನಃ ಮೊದಲಿನಿಂದ ಆರಂಭವಾಗುವುದರಿಂದ ಎರಡು ಬೇರೆ ಗರಿಗಳು ಒಂದೇ ಹೆಸರನ್ನು ಪಡೆಯುವ ಸಂಭವವೂ ಉಂಟು. ಸಂಶೋಧಕನಿಗೆ ಬೇಕಾದ ಹೆಸರು ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ ಮತ್ತು ಬದಿ ಎಂಬ ಮೂರನ್ನೂ ತಿಳಿಸಬೇಕು. ಸಂಖ್ಯೆಗಳನ್ನು 001, 002 ಎಂದು ಸಮಾನ ಸ್ಥಾನಗಳಲ್ಲಿ ಬರೆಯುವುದು ಅವಶ್ಯ. ಇಲ್ಲವಾದರೆ ಅಕ್ಷರಕ್ರಮದಿಂದ ಜೋಡಿಸುವ ಯಂತ್ರವು 1ರ ಬಳಿಕ 10ನ್ನೂ ಅನಂತರ 2ನ್ನೂ ಇರಿಸುತ್ತದೆ.

ಇನ್ನೂರು ಗರಿಗಳ ಒಂದು ಕಟ್ಟಿಗೆ ನಾನೂರು ಚಿತ್ರಗಳಾಗುತ್ತವೆ. ಇವುಗಳ ಹೆಸರನ್ನು ಕೈಯಿಂದ ಬದಲಿಸಿದರೆ ಸ್ಖಾಲಿತ್ಯಗಳು ತಪ್ಪವು. ಈ ಕಾರ್ಯಕ್ಕೆ ಸ್ಕ್ರಿಪ್ಟ್ ಎಂಬ ಕಿರಿಯ ಕ್ರಮವಿಧಿ ಸಾಕಾಗುತ್ತದೆ. ಗೀಡೋ ವಾನ್ ರಾಸಮ್ 1991ರಲ್ಲಿ ಪ್ರಕಟಿಸಿದ ಪೈಥಾನ್ ಭಾಷೆ ಇದಕ್ಕೆ ಅನುಕೂಲವಾದುದು. ‘೧೭’ ಎಂದು ಕನ್ನಡ ಅಂಕಿಗಳಲ್ಲಿ ಬರೆದುದನ್ನೂ ಅದು 17 ಎಂದೇ ಗ್ರಹಿಸುತ್ತದೆ. ಆದ್ದರಿಂದ ಗರಿಯ ಅಂಚಿನಲ್ಲಿರುವಂತೆಯೇ ಪಟ್ಟಿಯನ್ನು ಸಿದ್ಧಪಡಿಸಬಹುದು.

ಇಲ್ಲಿ ಒಂದು ವಿಷಯ ವಿಶೇಷವಾಗಿ ವಿಚಾರಣೀಯವಾಗಿದೆ. ಚಿತ್ರಗಳನ್ನು ಒಂದರಿಂದ ಎಣಿಸುತ್ತ ಹೆಸರಿಡುವುದು ಸುಲಭ. ಆದರೆ ಅದು ಅಪಾಯಕರ. ಕಟ್ಟಿನಲ್ಲಿ 17ನೆಯ ಗರಿ ನಷ್ಟವಾಗಿದ್ದರೆ ಎಣಿಕೆಯು 18ನೆಯದಕ್ಕೆ 17 ಎಂಬ ಹೆಸರನ್ನು ಕೊಟ್ಟು, ಅಲ್ಲಿಂದ ಮುಂದಿನ ಎಲ್ಲ ಗರಿಗಳನ್ನೂ ಒಂದೊಂದು ಸ್ಥಾನ ಹಿಂದಕ್ಕೆ ಸರಿಸುತ್ತದೆ. ಗ್ರಂಥಪಾತವು ಮರೆಯಾಗಿ, ತ್ರುಟಿತ ಪ್ರತಿಯು ಪೂರ್ಣ ಪ್ರತಿಯಂತೆ ತೋರುತ್ತದೆ. ಲಿಪಿಕಾರನು ಒಂದೇ ಅಂಕಿಯನ್ನು ಎರಡು ಗರಿಗಳಿಗೆ ಹಾಕಿದ್ದರೆ ಇದಕ್ಕೆ ವಿಪರೀತವಾದ ದೋಷ ಉಂಟಾಗುತ್ತದೆ. ಆದುದರಿಂದ ಗರಿಗಳನ್ನು ಕಣ್ಣಾರೆ ಕಂಡ ಪಂಡಿತನು ಮೊದಲು ಪಟ್ಟಿಯನ್ನು ಮಾಡಬೇಕು. ಕ್ರಮವಿಧಿಯು ಆ ಪಟ್ಟಿಯನ್ನು ಅನುಸರಿಸಬೇಕು. ನಷ್ಟವಾದ ಗರಿಯ ಸಂಖ್ಯೆ ತೆರಪಾಗಿಯೇ ಉಳಿಯಬೇಕು.

ಇತರ ಎಚ್ಚರಿಕೆಗಳೂ ಕೆಲವಿವೆ. ಹೊಸ ಹೆಸರಿನ ಕಡತವೊಂದು ಮೊದಲೇ ಇದ್ದರೆ ಪೈಥಾನಿನ ಸಾಮಾನ್ಯ ಆದೇಶವು ವಿಂಡೋಸ್ ವ್ಯವಸ್ಥೆಯಲ್ಲಿ ದೋಷವನ್ನು ಸೂಚಿಸಿ ನಿಲ್ಲುತ್ತದೆ. ಲಿನಕ್ಸಿನಲ್ಲಾದರೋ ಸದ್ದಿಲ್ಲದೆ ಹಳೆಯ ಕಡತವನ್ನು ಅಳಿಸಿ ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಎಲ್ಲ ಕಡತಗಳಿಗೂ ಮೊದಲು ತಾತ್ಕಾಲಿಕ ಹೆಸರುಗಳನ್ನು ಕೊಟ್ಟು, ಅನಂತರ ಅಂತಿಮ ಹೆಸರುಗಳನ್ನು ಇಡುವುದು ಇದಕ್ಕೆ ಪರಿಹಾರ. ಯಾವುದನ್ನೂ ಬದಲಿಸದೆ, ಆಗಲಿರುವ ಬದಲಾವಣೆಗಳನ್ನು ಮಾತ್ರ ಮುದ್ರಿಸುವ ಪೂರ್ವಪರೀಕ್ಷೆಯನ್ನು ಮಾಡಿ, ಹಳೆಯ ಮತ್ತು ಹೊಸ ಹೆಸರುಗಳ ದಾಖಲೆಯನ್ನು ಕಾದಿರಿಸಬೇಕು. ಹೆಸರು ಬದಲಾದರೂ ಕಡತದ ಒಳಗಿನ ದತ್ತಾಂಶ ಬದಲಾಗುವುದಿಲ್ಲ. ಎಸ್‌ಎಚ್‌ಎ-256 ಎಂಬ ಗಣಿತವಿಧಾನದಿಂದ ಪಡೆದ ಮುದ್ರಾಸಂಖ್ಯೆ ಮೊದಲೂ ಕೊನೆಯೂ ಒಂದೇ ಆಗಿದ್ದರೆ ಚಿತ್ರವು ಅವಿಕೃತವಾಗಿದೆಯೆಂದು ನಿಶ್ಚಯಿಸಬಹುದು.

ಹೆಸರಿನಿಂದ ಸ್ವರೂಪವು ತಿಳಿಯದ ಕಡತಗಳನ್ನು ಒಳಗಿನಿಂದಲೇ ಅರಿಯಬೇಕಾಗುತ್ತದೆ. ಸಿದ್ಧವಸ್ತುವಿನಿಂದ ಅದರ ರಚನೆಯನ್ನು ಅನುಮಾನಿಸುವ ಈ ವಿಧಾನಕ್ಕೆ ರಿವರ್ಸ್ ಎಂಜಿನಿಯರಿಂಗ್ ಎಂದು ಹೆಸರು. ಜೆಪೆಗ್ ಚಿತ್ರದ ಆದಿಯಲ್ಲಿ 255, 216, 255 ಎಂಬ ಮೌಲ್ಯಗಳೂ ಪಿಡಿಎಫ್ ಕಡತದ ಆದಿಯಲ್ಲಿ 37, 80, 68, 70 ಎಂಬುವೂ ಇರುತ್ತವೆ. ಇವನ್ನು ಓದಿ ಜಾತಿಯನ್ನು ನಿರ್ಣಯಿಸಲು ಕೆಲವೇ ಪಂಕ್ತಿಗಳ ಕ್ರಮವಿಧಿ ಸಾಕು.

ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದವುಗಳ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಾಠಗಳು ಇನ್ನೂ ಕಠಿಣವಾದ ಸಮಸ್ಯೆಯನ್ನು ಒಡ್ಡುತ್ತವೆ. ಫಾಂಟು ಇಲ್ಲದಿದ್ದರೆ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ. ಅಲ್ಲಿನ ಸಂಕೇತಗಳು ಅಕ್ಷರವನ್ನಲ್ಲದೆ ಅಕ್ಷರದ ಆಕಾರಖಂಡಗಳನ್ನು ಸೂಚಿಸುತ್ತವೆ. ‘ಧರ್ಮ’ ಎಂಬಲ್ಲಿ ಕಣ್ಣಿಗೆ ಕಾಣುವಂತೆ ಮೊದಲು ಮಕಾರ, ಬಳಿಕ ಅರ್ಕಾವತ್ತು ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಮುದ್ರಿತ ಪುಟವನ್ನು ಸಂಕೇತಗಳೊಡನೆ ಹೋಲಿಸಿ ಕೋಷ್ಟಕವನ್ನು ರಚಿಸಿದರೆ ಪಾಠವನ್ನು ಉದ್ಧರಿಸಬಹುದು. ಅಪರಿಚಿತ ಲಿಪಿಯನ್ನು ಪರಿಚಿತ ಶಬ್ದಗಳಿಂದ ಓದುವ ಶಾಸನಶಾಸ್ತ್ರಜ್ಞನ ಮಾರ್ಗವೂ ಇದೇ. ಹೀಗೆ ಉದ್ಧರಿಸಿದ ಪಾಠದಲ್ಲಿ ಱ, ೞ ಅಕ್ಷರಗಳು ರ, ಳ ಆಗಿ ಕುಸಿದಿಲ್ಲವೆಂಬುದನ್ನು ಪರೀಕ್ಷಿಸತಕ್ಕದ್ದು.

ಯೂನಿಕೋಡಿನಲ್ಲಿ ೞಕಾರಕ್ಕೆ ‘ಫ಼’ ಎಂಬ ತಪ್ಪು ಹೆಸರು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದನ್ನು ಉಳಿಸಿಕೊಂಡೇ ಶುದ್ಧನಾಮವನ್ನು ಪಕ್ಕದಲ್ಲಿ ನಮೂದಿಸಿದ್ದಾರೆ. ಸಂಪಾದಕನು ತಿದ್ದಿದ ಪಾಠದೊಡನೆ ಪ್ರತಿಯ ಮೂಲಪಾಠವನ್ನೂ ಅಡಿಟಿಪ್ಪಣಿಯಲ್ಲಿ ಕೊಡುವ ಪದ್ಧತಿ ಇದಕ್ಕೆ ಸಮಾನವಾದುದು. ಗಣಕಕಡತಗಳ ವಿಷಯದಲ್ಲಿಯೂ ಮೂಲನಾಮ ಹಾಗೂ ಮೂಲಸಂಕೇತಗಳನ್ನು ತ್ಯಜಿಸದೆ ಕಾಯ್ದುಕೊಳ್ಳುವುದು ಉಚಿತ. ಮುಂದಿನ ಸಂಶೋಧಕನು ನಿರ್ಣಯವನ್ನು ಪುನಃ ಪರಿಶೀಲಿಸಲು ಅದರಿಂದಲೇ ಸಾಧ್ಯವಾಗುತ್ತದೆ.