ಒಂದೇ ವಸ್ತು, ಹಲವು ಕಿಟಕಿಗಳು

ಗಣಕಯಂತ್ರದ ತೆರೆಯ ಮೇಲೆ ಏಕಕಾಲದಲ್ಲಿ ಹಲವು ಕಿಟಕಿಗಳನ್ನು ತೆರೆದು ಕೆಲಸ ಮಾಡುವುದು ಇಂದು ಸರ್ವಸಾಮಾನ್ಯ. ಅವೆಲ್ಲವೂ ಒಂದೇ ವಿಷಯವನ್ನು ತೋರಿಸುವಾಗ ಅವುಗಳಲ್ಲಿ ಏಕವಾಕ್ಯತೆ ಉಳಿಯುವ ಬಗೆ ಹೇಗೆಂಬುದು ವಿಚಾರಾರ್ಹವಾಗಿದೆ.

ಶಾಲೆಯ ಅಂಕಪಟ್ಟಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಂದು ಕಿಟಕಿಯಲ್ಲಿ ಇಡೀ ತರಗತಿಯ ಪಟ್ಟಿ, ಇನ್ನೊಂದರಲ್ಲಿ ಒಬ್ಬ ವಿದ್ಯಾರ್ಥಿಯ ವಿವರ. ಗಣಕದ ಪ್ರೋಗ್ರಾಮು ಎರಡಕ್ಕೂ ಪ್ರತ್ಯೇಕ ನಕಲುಗಳನ್ನು ಕೊಟ್ಟಿದ್ದರೆ, ಒಂದರಲ್ಲಿ 33 ಅಂಕವನ್ನು 38 ಎಂದು ತಿದ್ದಿ ಉಳಿಸಿದರೂ ಮತ್ತೊಂದರಲ್ಲಿ 33 ಎಂದೇ ಇರುತ್ತದೆ. ಅನಂತರ ಆ ಹಳೆಯ ನಕಲನ್ನು ಉಳಿಸಿದೊಡನೆ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಉತ್ತೀರ್ಣತೆಗೆ 35 ಅಂಕ ಬೇಕೆಂದಿರುವಲ್ಲಿ ಇದರಿಂದ ಒಂದು ಮಗುವಿನ ಒಂದು ವರ್ಷವೇ ವ್ಯರ್ಥವಾಗಬಹುದು.

ಆದ್ದರಿಂದ ದತ್ತಾಂಶವನ್ನು ಧರಿಸಿದ ವಸ್ತು ಒಂದೇ ಇರಬೇಕು. ಕಿಟಕಿಗಳು ಅದನ್ನು ನಿರ್ದೇಶಿಸಬೇಕೇ ಹೊರತು ನಕಲು ಮಾಡಿಕೊಳ್ಳಬಾರದು. ವಾಕ್ಯದಲ್ಲಿ ‘ಅವನು’ ಎಂಬ ಸರ್ವನಾಮ ಹತ್ತು ಸಲ ಬಂದರೂ ಅದು ಸೂಚಿಸುವ ವ್ಯಕ್ತಿ ಒಬ್ಬನೇ ಆಗಿರುವಂತೆ ಇದು.

ಆದರೆ ವಸ್ತು ಬದಲಾದುದು ಕಿಟಕಿಗಳಿಗೆ ತಿಳಿಯುವುದೆಂತು? ನಾರ್ವೆ ದೇಶದ ಟ್ರಿಗ್ವೆ ರೇನ್ಸ್‌ಕೌಗ್ ಅವರು ಸ್ಮಾಲ್‌ಟಾಕ್ ಎಂಬ ಗಣಕಭಾಷೆ ರೂಪುಗೊಂಡ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿದ್ದಾಗ, 1979ರಲ್ಲಿ, ಮೂಲವಸ್ತು, ನೋಟ, ನಿಯಂತ್ರಕ ಎಂಬ ತ್ರಿವಿಧ ವಿಭಾಗವನ್ನು ಪ್ರತಿಪಾದಿಸಿದರು. ಸ್ಮಾಲ್‌ಟಾಕ್‌ನ ಪದ್ಧತಿಯಲ್ಲಿ ಮೂಲವಸ್ತುವು ತನ್ನನ್ನು ಅವಲಂಬಿಸಿದವರ ಪಟ್ಟಿಯೊಂದನ್ನು ಇಟ್ಟುಕೊಂಡು, ತಾನು ಬದಲಾದೊಡನೆ ಅವರೆಲ್ಲರಿಗೂ ಸೂಚನೆ ಕಳುಹಿಸುತ್ತದೆ. ಪ್ರತಿಯೊಂದು ಕಿಟಕಿಯೂ ಆಗ ಹೊಸ ಬೆಲೆಯನ್ನು ಓದಿಕೊಂಡು ತನ್ನ ಚಿತ್ರವನ್ನು ಪುನಃ ಬರೆಯುತ್ತದೆ. ಕಿಟಕಿಗಳ ಸ್ವರೂಪವನ್ನು ಮೂಲವಸ್ತು ಅರಿಯಬೇಕಾಗಿಲ್ಲ. ನಾಳೆ ಅಂಕಗಳ ನಕ್ಷೆಯನ್ನು ತೋರಿಸುವ ಮೂರನೆಯ ಕಿಟಕಿಯನ್ನು ಸೇರಿಸಿದರೂ ಮೂಲವಸ್ತುವಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಕಿಟಕಿಯನ್ನು ಮುಚ್ಚುವಾಗ ಅದರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಇಲ್ಲವಾದರೆ ಕಣ್ಣಿಗೆ ಕಾಣದ ಕಿಟಕಿ ಯಂತ್ರದ ಸ್ಮೃತಿಯಲ್ಲಿ ಸ್ಥಳವನ್ನು ಆಕ್ರಮಿಸಿಕೊಂಡೇ ಇರಬಹುದು. ತಿದ್ದಿದುದನ್ನು ‘ರದ್ದು’ ಮಾಡುವ ಅವಕಾಶವಿರುವ ಕಿಟಕಿಗೆ ತಾತ್ಕಾಲಿಕ ಕರಡೊಂದು ಬೇಕು. ಬಳಸುವವರು ಒಪ್ಪಿಗೆಯಿತ್ತ ಮೇಲೆಯೇ ಅದು ಮೂಲವನ್ನು ಸೇರತಕ್ಕದ್ದು. ಹೀಗೆ ನಕಲಿಗೂ ಒಂದು ಸ್ಥಾನವುಂಟು. ಆದರೆ ಅದು ಕರಡಿನ ಸ್ಥಾನವೇ ಹೊರತು ಪ್ರಮಾಣದ ಸ್ಥಾನವಲ್ಲ. ನೋಟಗಳು ಎಷ್ಟೇ ಇರಲಿ, ಪ್ರಮಾಣವೊಂದೇ ಆಗಿದ್ದರೆ ಅಂಕಪಟ್ಟಿ ನಂಬಿಕೆಗೆ ಅರ್ಹವಾಗುತ್ತದೆ.