ತಾಲೂಕಿಗೊಂದು ಸೋಮಾರಿ ರೋಬೋ

ನನ್ನ ಲ್ಯಾಪ್‌ಟಾಪಿನಲ್ಲಿ ಸದ್ಯ 11 ರೋಬೋಗಳಿವೆ. ಒಂದಕ್ಕೂ ಕೆಲಸವಿಲ್ಲ. ಒಂದು ಗಿಡದ ನೆರಳಿನಲ್ಲಿ ಕೂತು ಆಕಳಿಸುತ್ತದೆ, ಇನ್ನೊಂದು ಕಾಗೆಗಳ ಜೊತೆ ಹರಟೆ ಹೊಡೆಯುತ್ತದೆ, ಮತ್ತೊಂದಕ್ಕೆ ತನ್ನ ಎಡಗಾಲು ಯಾವುದು ಅನ್ನೋದೇ ಮರೆತುಹೋಗಿದೆ. ಇವನ್ನು ನಾನು ವೈರು, ಮೋಟರು ಜೋಡಿಸಿ ಮಾಡಿದ್ದಲ್ಲ. ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಕಟ್ಟಿದ ತ್ರೀಡಿ ಮಾಡೆಲ್‌ಗಳು. ಮುಟ್ಟಲು ಬರುವುದಿಲ್ಲ, ಸುತ್ತ ತಿರುಗಿಸಿ ನೋಡಬಹುದು ಅಷ್ಟೆ. 'ಇದರಾಗ ರೊಕ್ಕ ಬರ್ತದೇನು ತಮ್ಮಾ?' ಅಂತ ಕೇಳುವವರಿಗೆ ಚಹಾ ಕುಡಿಸಿ ಕಳಿಸುತ್ತೇನೆ.

ಮೊದಲನೆಯದು ಮಾತ್ರ ದುಡಿಯುವ ರೋಬೋ ಆಗಬೇಕಿತ್ತು. ನಮ್ಮದು ಇಂಡಿ ತಾಲೂಕು. ಅಂದಮೇಲೆ ಲಿಂಬಿ ಗಿಡ ಬಿಟ್ಟು ಬೇರೇನು ಹೊಳೆಯುತ್ತದೆ? ಇಂಡಿ ಲಿಂಬೆಗೆ ಜಿಐ ಟ್ಯಾಗ್ ಇದೆ, ಹೆಸರಿದೆ. ಆದರೆ ಹರಿಯುವವರ ಕೈ ನೋಡಬೇಕು. ಗಿಡದ ತುಂಬ ಮುಳ್ಳು. ಸಂಜೆ ಮನೆಗೆ ಬರುವ ಅವ್ವನಿಗೆ ಮೊಳಕೈತನಕ ಗೀರು. ಅದಕ್ಕೇ ಆರು ಕೈಗಳ, ಮುಳ್ಳು ನಾಟದ, ಸರಸರನೆ ಲಿಂಬಿಕಾಯಿ ಹರಿಯುವ ಒಂದು ಯಂತ್ರ ಮಾಡಿ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಚಲೋ ಅದ. ಇದು ತೋಟಕ್ಕ ಬಂತಂದ್ರ ನಮಗ ದಗದಕ್ಕ ಯಾರ್ ಕರೀತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕೈಗೆ ಗೀರು ಬೀಳಬಾರದು, ಕೂಲಿಯೂ ತಪ್ಪಬಾರದು. ಇವೆರಡನ್ನೂ ಕೂಡಿಸುವ ಬಟನ್ ಬ್ಲೆಂಡರಿನಲ್ಲಿಲ್ಲ.

ಅವತ್ತು ರಾತ್ರಿ ರೋಬೋ ಎಂಬ ಪದ ಎಲ್ಲಿಂದ ಬಂತೆಂದು ಹುಡುಕಿದೆ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಿಂದ ಅದು ಲೋಕಕ್ಕೆಲ್ಲ ಹರಡಿದ್ದು. ಪದ ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊಟಾ' ಅಂದರೆ ಧಣಿಯ ಹೊಲದಲ್ಲಿ ಒತ್ತಾಯಕ್ಕೆ ಮಾಡುವ ಬಿಟ್ಟಿ ಚಾಕರಿ! ನಾಟಕದಲ್ಲಿ ಆ ರೋಬೋಗಳೇ ಕೊನೆಗೆ ತಿರುಗಿಬೀಳುತ್ತವೆ. ಅವ್ವನ ಪ್ರಶ್ನೆಗೂ ಈ ಪದಕ್ಕೂ ಏನೋ ನೆಂಟಸ್ತನ ಇದೆ ಅನ್ನಿಸಿತು. ನನ್ನ ರೋಬೋಗಳು ಯಾರ ದಗದವನ್ನೂ ಕಸಿಯಬಾರದು, ಬಿಟ್ಟಿ ಚಾಕರಿಯನ್ನೂ ಮಾಡಬಾರದು ಅಂತ ಠರಾವು ಪಾಸು ಮಾಡಿದೆ. ಆರರಲ್ಲಿ ನಾಲ್ಕು ಕೈ ತೆಗೆದೆ. ಉಳಿದೆರಡನ್ನು ಗಿಡ ಮುಟ್ಟದಷ್ಟು ಗಿಡ್ಡ ಮಾಡಿದೆ. ಮೈಗೆ ಗೋಣಿಚೀಲದ ಆಕಾರ, ತಲೆಗೆ ಲಿಂಬಿಕಾಯಿ. ನೆರಳಿಗೆ ಕೂರಿಸಿದೆ. ಈ ಸಲ ಅವ್ವ ನೋಡಿದ್ದೇ ನಕ್ಕಳು: "ಥೇಟ್ ನಮ್ಮ ಮುಕಾದಮ!"

ಅಲ್ಲಿಂದ ಶುರುವಾಯಿತು ತಾಲೂಕಿಗೊಂದು ರೋಬೋ ಮಾಡುವ ಹುಚ್ಚು. ಬೀಗರು, ಬಿಜ್ಜರು ಜಿಲ್ಲೆ ತುಂಬ ಇದ್ದಾರೆ. ಹೋದಲ್ಲೆಲ್ಲ ಫೋಟೊ ಹೊಡೆದುಕೊಂಡು ಬರುತ್ತೇನೆ. ಮನುಷ್ಯರದ್ದಲ್ಲ, ಹಳೇ ತಗಡು, ಕೂರಿಗೆ, ಟ್ರ್ಯಾಕ್ಟರುಗಳದ್ದು.

ಬಸವನ ಬಾಗೇವಾಡಿಗೆ ಎತ್ತಲ್ಲದೆ ಇನ್ನೇನು ಮಾಡಲಿ? ಬಸವಣ್ಣನವರು ಹುಟ್ಟಿದ ಊರು, ಹೆಸರಲ್ಲೇ ಬಸವ ಇದ್ದಾನೆ. ಎತ್ತು ಮಾಡುವುದನ್ನು ನನಗೆ ಕಲಿಸಿದ್ದು ಯೂಟ್ಯೂಬ್ ಅಲ್ಲ, ನಮ್ಮ ಆಯಿ. ಮಣ್ಣೆತ್ತಿನ ಅಮಾವಾಸ್ಯೆಗೆ ಆಕೆ ಎರಿಮಣ್ಣು ನಾದಿ ಉಂಡೆ ಮಾಡಿ, ಅದರಿಂದಲೇ ಕಾಲು ಎಳೆಯುತ್ತಿದ್ದಳು, ಡುಬ್ಬ ಎತ್ತುತ್ತಿದ್ದಳು, ಕೋಡು ಚಿವುಟುತ್ತಿದ್ದಳು. ಬೇರೆ ಮಣ್ಣು ಅಂಟಿಸುತ್ತಿರಲಿಲ್ಲ. ಬ್ಲೆಂಡರಿನಲ್ಲಿ ಮಾಡುವುದೂ ಇದನ್ನೇ. ಒಂದು ಚೌಕದ ಡಬ್ಬಿಯ ಒಂದು ಮಗ್ಗುಲು ಹಿಡಿದು 'ಇ' ಕೀ ಒತ್ತಿ ಎಳೆದರೆ ಕಾಲು ಬರುತ್ತದೆ. ಇದಕ್ಕೆ ಎಕ್ಸ್‌ಟ್ರೂಡ್ ಅಂತಾರೆ. ಮಿರರ್ ಎಂಬ ಸೌಲಭ್ಯ ಹಚ್ಚಿಬಿಟ್ಟರೆ ಎಡಗಡೆ ಮಾಡಿದ್ದು ಬಲಗಡೆ ತಾನೇ ಮೂಡುತ್ತದೆ. ಆದರೆ ಹಾಗೆ ಬಂದ ಎತ್ತಿಗೆ ಜೀವ ಇರುವುದಿಲ್ಲ. ಆಯಿಯ ಎತ್ತಿಗೆ ಯಾವಾಗಲೂ ಒಂದು ಕೋಡು ಸೊಟ್ಟ. ನನ್ನ ರೋಬೋ ಎತ್ತಿಗೂ ಕೊನೆಯಲ್ಲಿ ಒಂದು ಕೋಡು ಬಗ್ಗಿಸಿದೆ. ತಕ್ಷಣ ಅದಕ್ಕೊಂದು ಸ್ವಭಾವ ಬಂತು, ಸ್ವಲ್ಪ ಹಟಮಾರಿ. ಕಣ್ಣು ಕೂಡ ಆಯಿಯದೇ ಲೆಕ್ಕ, ಎರಡು ಜೋಳದ ಕಾಳು. ಪಿಕ್ಸಾರ್‌ನವರ 2008ರ 'ವಾಲ್-ಇ' ನೋಡಿ, ಆ ರೋಬೋಗೆ ಬಾಯಿಯೇ ಇಲ್ಲ. ದುರ್ಬೀನಿನಂಥ ಎರಡು ಕಣ್ಣುಗಳಲ್ಲೇ ಅಳುತ್ತದೆ, ನಗುತ್ತದೆ.

ಇನ್ನೊಂದು ಗುಟ್ಟು ತುಕ್ಕು. ಹೊಸಬರು ಮೈಗೆಲ್ಲ ಸಮನಾಗಿ ತುಕ್ಕು ಬಳಿಯುತ್ತಾರೆ, ಅದು ನೋಡಿದರೆ ಗೊತ್ತಾಗುತ್ತದೆ. ನಮ್ಮೂರಿನ ಯಾವುದಾದರೂ ಹಳೇ ಟ್ರ್ಯಾಕ್ಟರ್ ಮುಂದೆ ನಿಂತು ನೋಡಿ. ಬಣ್ಣ ಹೋಗಿರುವುದು ಕಾಲಿಡುವ ಕಡೆ, ಗೇರಿನ ಹಿಡಿಕೆಯ ಮೇಲೆ. ನೀರು ನಿಲ್ಲುವ ಸಂದಿಯಲ್ಲಿ ತುಕ್ಕು ಶುರುವಾಗಿ ಕೆಳಗೆ ಹರಿದಿರುತ್ತದೆ. ಸವೆದ ಜಾಗ ನೋಡಿಯೇ ಆ ಯಂತ್ರ ಯಾರ ಕೈಯಲ್ಲಿ ಹೇಗೆ ಬಾಳಿತು ಅಂತ ಹೇಳಬಹುದು. ಹಾಗೆಯೇ ಲೋಕದಲ್ಲಿ ಯಾವ ಅಂಚೂ ಬ್ಲೇಡಿನಂತೆ ಚೂಪಾಗಿರುವುದಿಲ್ಲ. ಅಂಚನ್ನು ಕೂದಲೆಳೆಯಷ್ಟು ಉರುಟು ಮಾಡಿದರೆ ಸಾಕು, ಅಲ್ಲಿ ಬೆಳಕು ಮಿನುಗಿ ತಗಡು ತಗಡಾಗಿ ಕಾಣುತ್ತದೆ.

ಸಿಂದಗಿಯದು ಸುಲಭಕ್ಕೆ ಆಯಿತು. ಸೋದರಮಾವನ ತೊಗರಿ ಹೊಲದ ಬೆದರುಗೊಂಬೆಯನ್ನೇ ರೋಬೋ ಮಾಡಿದೆ. ಹಕ್ಕಿ ಓಡಿಸಬೇಕಾದವನು ಹಕ್ಕಿಗಳ ಜೊತೆ ದೋಸ್ತಿ ಮಾಡಿಕೊಂಡಿದ್ದಾನೆ.

ಇದಕ್ಕೆಲ್ಲ ಖರ್ಚೆಷ್ಟು? ಸಾಫ್ಟ್‌ವೇರಿಗೆ ಸೊನ್ನೆ. ಬ್ಲೆಂಡರ್ ನೆದರ್ಲೆಂಡ್ಸ್‌ನ ಟೋನ್ ರೂಸೆಂಡಾಲ್ ಕಟ್ಟಿದ್ದು. 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿದಾಗ, ಬಳಸುವವರೇ ಏಳು ವಾರದಲ್ಲಿ 1 ಲಕ್ಷ ಯೂರೊ ಪಟ್ಟಿ ಎತ್ತಿ ಅದನ್ನು ಎಲ್ಲರಿಗೂ ಮುಕ್ತ ಮಾಡಿದರು. ನಮ್ಮೂರ ಜಾತ್ರೆಗೆ ಪಟ್ಟಿ ಎತ್ತಿದ ಹಾಗೆ! 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ 'ಫ್ಲೋ' ತಯಾರಾಗಿದ್ದು ಇದರಲ್ಲೇ. ಬೆಳಕಿನ ಲೆಕ್ಕ ಹಾಕಿ ಚಿತ್ರ ಬಿಡಿಸುವ ಕೆಲಸಕ್ಕೆ ರೆಂಡರಿಂಗ್ ಅಂತಾರೆ. ಅದಕ್ಕೆ ಬ್ಲೆಂಡರಿನಲ್ಲಿ ಸೈಕಲ್ಸ್, ಈವೀ ಎಂಬ ಎರಡು ದಾರಿಗಳಿವೆ. ಸೈಕಲ್ಸ್ ನಿಧಾನ, ನಿಖರ. ಈವೀ ಚುರುಕು. 'ಫ್ಲೋ'ದವರು ಈವೀ ಬಳಸಿದರು ಅಂತ ಓದಿದ ಮೇಲೆ ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಮೇಲೆ ಗೌರವ ಹೆಚ್ಚಾಯಿತು. ರಾತ್ರಿ ರೆಂಡರಿಂಗ್‌ಗೆ ಇಟ್ಟು ಮಲಗುತ್ತೇನೆ. ಕರೆಂಟ್ ಇದ್ದರೆ ಬೆಳಿಗ್ಗೆ ಚಿತ್ರ, ಇಲ್ಲದಿದ್ದರೆ ಕಪ್ಪು ಪರದೆ.

ಕರೆಂಟ್ ಅಂದರೆ ಮುದ್ದೇಬಿಹಾಳದ ರೋಬೋ. ಅಕ್ಕನನ್ನು ಕೊಟ್ಟಿದ್ದು ಆ ತಾಲೂಕಿಗೆ. ಅಕ್ಕನ ಗಂಡನಿಗೆ ನಾನು ಮಾಮಾ ಅಂತೀನಿ. ತ್ರೀಫೇಸ್ ಯಾವಾಗ ಬರುತ್ತದೋ ಅಂತ ಅವರು ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಪಂಪ್‌ಸೆಟ್ ಹತ್ತಿರ ರಾತ್ರಿ ಕಾಯುತ್ತಾರೆ. ಹಾವು ಚೇಳಿನ ಭಯ ಬೇರೆ. ಅವರ ಜೊತೆಗೆ ಕೂರಲೆಂದು ಸ್ಟಾರ್ಟರ್ ಬಾಕ್ಸನ್ನೇ ತಲೆ ಮಾಡಿ, ಹಸಿರು ಬಟನ್ ಒಂದು ಕಣ್ಣು, ಕೆಂಪು ಬಟನ್ ಇನ್ನೊಂದು ಕಣ್ಣು ಅಂತ ಇಟ್ಟೆ. ಹೆಗಲಿಗೊಂದು ಕಂಬಳಿ. ಫೋನಿನಲ್ಲಿ ಕಳಿಸಿದಾಗ ಮಾಮಾ ಕೇಳಿದ್ದು ಒಂದೇ ಮಾತು: "ಇದಕ್ಕ ನಿದ್ದಿ ಬರೂದಿಲ್ಲೇನೋ?"

ಬರಬೇಕಲ್ಲ! ಆದರೆ ಬಟನ್ನಿಗೆ ರೆಪ್ಪೆ ಎಲ್ಲಿಂದ ತರಲಿ? ಹದಿನೈದು ದಿನದಿಂದ ಇದೇ ತಲೆನೋವು. ಬಾಕ್ಸಿನ ಮೇಲಿನ ತಗಡನ್ನು ಕಣ್ಣಿನ ಮೇಲೆ ಅರ್ಧ ಇಳಿಸಿ ನೋಡಿದೆ. ನಿದ್ದೆ ಬಂದವನಂತಲ್ಲ, ಸಿಟ್ಟಿಗೆದ್ದವನಂತೆ ಕಾಣುತ್ತಿದೆ. ಅದನ್ನೂ ಮಾಮಾಗೆ ಕಳಿಸಿದೆ. "ಹಂಗೇ ಇರ್ಲಿ ಬಿಡು," ಅಂದರು.