ಸಂಬಳ ಕೊಟ್ಟವರು ಯಾರು, ದುಡಿದದ್ದು ಯಾರಿಗೆ?

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಕಂಪೆನಿಯೊಂದರ ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ತಂತ್ರಾಂಶ ಪರೀಕ್ಷಕಿಯಾಗಿ ಮೂರು ವರ್ಷ ದುಡಿದಿದ್ದ ಯುವತಿಯೊಬ್ಬರು ಸಂದರ್ಶನಕ್ಕೆ ಬಂದಿದ್ದರು. ಕೇಳಿದ ಪ್ರಶ್ನೆಗಳಿಗೆಲ್ಲ ಅಳೆದು ತೂಗಿ ಉತ್ತರಿಸಿದರು. ಅವರನ್ನು ಆಯ್ಕೆ ಮಾಡುವುದರಲ್ಲಿ ಸಮಿತಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಹಿನ್ನೆಲೆ ಪರಿಶೀಲನೆಯ ವರದಿ ಬಂದಾಗ ಚಿತ್ರವೇ ಬದಲಾಯಿತು. ಸ್ವವಿವರದಲ್ಲಿ ಉದ್ಯೋಗದಾತ ಎಂಬ ಕಡೆ ಅವರು ನಮೂದಿಸಿದ್ದುದು ಒಂದು ದೊಡ್ಡ ಬ್ಯಾಂಕಿನ ಹೆಸರನ್ನು. ಆ ಬ್ಯಾಂಕು, 'ಈ ಹೆಸರಿನ ನೌಕರರು ನಮ್ಮಲ್ಲಿ ಇರಲಿಲ್ಲ' ಎಂದು ತಿಳಿಸಿತ್ತು. ಕೆಲಸದ ಆಹ್ವಾನವನ್ನು ಹಿಂತೆಗೆದುಕೊಳ್ಳುವ ಪತ್ರಕ್ಕೆ ನಾನೂ ಸಹಿ ಹಾಕಿದೆ.

ನಿಜಸಂಗತಿ ತಿಳಿದದ್ದು ಆಮೇಲೆ. ಆಕೆ ಮೂರು ವರ್ಷವೂ ಅದೇ ಬ್ಯಾಂಕಿನ ಕಟ್ಟಡದಲ್ಲಿ, ಅದರದೇ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ದುಡಿದಿದ್ದರು. ಸಂಬಳ ಮಾತ್ರ ಮಾನವ ಸಂಪನ್ಮೂಲ ಪೂರೈಸುವ ಗುತ್ತಿಗೆ ಸಂಸ್ಥೆಯಿಂದ ಬರುತ್ತಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. ಸತ್ಯವನ್ನು ತಪ್ಪು ಅಂಕಣದಲ್ಲಿ ಬರೆದಿದ್ದರು. ನಮ್ಮಲ್ಲಿ ಒಬ್ಬರಾದರೂ ಅವರನ್ನೇ ಕರೆದು ಕೇಳಬಹುದಿತ್ತು. ಕೇಳಲಿಲ್ಲ.

ಇದು ಒಬ್ಬರ ಕಥೆಯಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, 2000ನೇ ಇಸವಿಯ ದಿನಾಂಕದ ಸಮಸ್ಯೆಯನ್ನು ಬಗೆಹರಿಸಲು ನಮ್ಮ ಎಂಜಿನಿಯರುಗಳು ಅಮೆರಿಕದ ಕಂಪೆನಿಗಳಿಗೆ ದುಡಿಯತೊಡಗಿದಂದಿನಿಂದಲೂ ಇಂಥ ಇಬ್ಬಗೆಯ ಉದ್ಯೋಗ ನಮಗೆ ಪರಿಚಿತ. ಕೆಲಸ ಒಬ್ಬರದು, ಸಂಬಳದ ಚೀಟಿ ಇನ್ನೊಬ್ಬರದು. ಕೆಲವೊಮ್ಮೆ ನಡುವೆ ಮತ್ತೊಬ್ಬ ಉಪಗುತ್ತಿಗೆದಾರನೂ ಇರುತ್ತಾನೆ. ಆದರೆ ಸ್ವವಿವರ ಬರೆಯುವ ಪದ್ಧತಿ ಮಾತ್ರ ಒಂದೇ ಸಂಸ್ಥೆಯಲ್ಲಿ ಸೇರಿ ಅಲ್ಲಿಯೇ ನಿವೃತ್ತರಾಗುತ್ತಿದ್ದ ಕಾಲದ್ದು.

ಹಾಗಾದರೆ ಹೇಗೆ ಬರೆಯಬೇಕು? ಮೊದಲ ಸಾಲಿನಲ್ಲಿ ಸಂಬಳ ಕೊಟ್ಟ ಸಂಸ್ಥೆಯ ಹೆಸರು, ಸೇರಿದ ಮತ್ತು ಬಿಟ್ಟ ತಿಂಗಳು, ವರ್ಷ ಇರಬೇಕು. ಪರಿಶೀಲಿಸುವವರು ನೋಡುವುದು ದಾಖಲೆಗಳನ್ನು. ಭವಿಷ್ಯನಿಧಿಗೆ 2014ರಲ್ಲಿ ಸಾರ್ವತ್ರಿಕ ಖಾತೆ ಸಂಖ್ಯೆ ಬಂದ ಮೇಲೆ, ಯಾರು ಯಾವಾಗ ವಂತಿಗೆ ಕಟ್ಟಿದರು ಎಂಬುದು ಒಂದೇ ಕಡೆ ಕಾಣುತ್ತದೆ. ಅದರಲ್ಲಿರುವುದು ಗುತ್ತಿಗೆ ಸಂಸ್ಥೆಯ ಹೆಸರೇ ಹೊರತು ಗ್ರಾಹಕ ಸಂಸ್ಥೆಯದಲ್ಲ. ಅದರ ಕೆಳಗೆ 'ನಿಯೋಜಿತ ಗ್ರಾಹಕ' ಎಂದು ಬರೆದು ಆ ಸಂಸ್ಥೆಯ ಹೆಸರು, ಅಲ್ಲಿದ್ದ ಅವಧಿ ಹಾಗೂ ಮಾಡಿದ ಕೆಲಸವನ್ನು ನಮೂದಿಸಬೇಕು. ಈ ಒಂದು ಪದ ಇದ್ದಿದ್ದರೆ ನಾನು ಹೇಳಿದ ಯುವತಿಗೆ ಆ ಕೆಲಸ ಸಿಗುತ್ತಿತ್ತು.

ಯಾವ ಸಂಸ್ಥೆಯ ಆಶ್ರಯವೂ ಇಲ್ಲದೆ ಸ್ವತಂತ್ರವಾಗಿ ಗುತ್ತಿಗೆ ಹಿಡಿಯುವವರ ಕಷ್ಟ ಬೇರೆ ಬಗೆಯದು. ನಾಲ್ಕು ತಿಂಗಳ ಕೆಲಸ, ಆರು ತಿಂಗಳ ಕೆಲಸ ಎಂದು ಒಂದೊಂದನ್ನೂ ಪ್ರತ್ಯೇಕ ಉದ್ಯೋಗದಂತೆ ಬರೆದರೆ, ಓದುವವರಿಗೆ ಈತ ಎಲ್ಲಿಯೂ ನಿಲ್ಲದವನು ಎನಿಸುತ್ತದೆ. ಅಂಥವರು 'ಸ್ವತಂತ್ರ ಸಲಹೆಗಾರ' ಎಂಬ ಒಂದೇ ತಲೆಬರಹದಡಿ ಇಡೀ ಅವಧಿಯನ್ನು ತೋರಿಸಿ, ಅದರೊಳಗೆ ನಾಲ್ಕೈದು ಮುಖ್ಯ ಕೆಲಸಗಳನ್ನು ವಿವರಿಸುವುದು ಲೇಸು. ಇಪ್ಪತ್ತು ಗ್ರಾಹಕರ ಪಟ್ಟಿಗಿಂತ, ಅರ್ಜಿ ಹಾಕುತ್ತಿರುವ ಹುದ್ದೆಗೆ ಹೊಂದುವ ನಾಲ್ಕು ಕೆಲಸಗಳು ಹೆಚ್ಚು ಮಾತನಾಡುತ್ತವೆ.

ಇನ್ನು ಗೋಪ್ಯತೆಯ ಪ್ರಶ್ನೆ. ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಮು, ವೃತ್ತಿ ನಡೆಸದಂತೆ ತಡೆಯುವ ಕರಾರುಗಳನ್ನು ಸಾಮಾನ್ಯವಾಗಿ ಅಸಿಂಧು ಎನ್ನುತ್ತದೆ. ಅಂದ ಮಾತ್ರಕ್ಕೆ ಗುಟ್ಟು ಕಾಯುತ್ತೇನೆಂದು ಕೊಟ್ಟ ಮಾತು ಬಿದ್ದುಹೋಗುವುದಿಲ್ಲ. ಗ್ರಾಹಕರ ಹೆಸರನ್ನೇ ಹೇಳಬಾರದೆಂಬ ಕರಾರಿದ್ದರೆ 'ದಕ್ಷಿಣ ಭಾರತದ ಒಂದು ಖಾಸಗಿ ಆಸ್ಪತ್ರೆ ಸಮೂಹ' ಎಂಬಂತೆ ಕ್ಷೇತ್ರ, ಗಾತ್ರ ಸೂಚಿಸಿದರೆ ಸಾಕು. ಹೆಸರು ಮರೆಸಿ, ಬೇರೆಲ್ಲ ಗುರುತುಗಳನ್ನೂ ಕೊಟ್ಟು ಕಣ್ಣು ಮಿಟುಕಿಸುವುದು ಪ್ರಾಮಾಣಿಕತೆಯಲ್ಲ. ಒಮ್ಮೆ ಅಭ್ಯರ್ಥಿಯೊಬ್ಬರು ಹಳೆಯ ಗ್ರಾಹಕರ ಒಳಗಿನ ಲೆಕ್ಕಾಚಾರವನ್ನೆಲ್ಲ ನಮ್ಮೆದುರು ಉತ್ಸಾಹದಿಂದ ಬಿಚ್ಚಿಟ್ಟರು. ನಾಳೆ ನಮ್ಮದನ್ನೂ ಹೀಗೆಯೇ ಬಿಚ್ಚಿಡುತ್ತಾರೆ ಎಂದು ನಾವು ಹಿಂಜರಿದೆವು. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ, ಕೆಲಸ ಮುಗಿಸುವ ದಿನವೇ 'ನಿಮ್ಮ ಹೆಸರನ್ನು ಉಲ್ಲೇಖಿಸಬಹುದೇ' ಎಂದು ಲಿಖಿತವಾಗಿ ಕೇಳಿ ಒಪ್ಪಿಗೆ ಪಡೆಯುವುದು. ಸಂಬಂಧ ಚೆನ್ನಾಗಿರುವಾಗ ಸಿಗುವ ಒಪ್ಪಿಗೆ ಎರಡು ವರ್ಷ ಬಿಟ್ಟು ಕೇಳಿದರೆ ಸಿಗಲಾರದು.

ಹೊಣೆಯೆಲ್ಲ ದುಡಿಯುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 1971ರಲ್ಲಿ ರೂಪಿಸಿದ ನಿಯಮಗಳು, ಕೆಲಸ ಕೊನೆಗೊಂಡಾಗ ಗುತ್ತಿಗೆದಾರನು ಸೇವಾ ಪ್ರಮಾಣಪತ್ರ ನೀಡಬೇಕೆಂದು ವಿಧಿಸಿದ್ದವು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯೂ, ಕಾರ್ಮಿಕರು ಕೇಳಿದಾಗ ಮಾಡಿದ ಕೆಲಸದ ವಿವರವುಳ್ಳ ಅನುಭವ ಪ್ರಮಾಣಪತ್ರ ಕೊಡಬೇಕೆನ್ನುತ್ತದೆ. ಗುತ್ತಿಗೆ ಸಂಸ್ಥೆಯ ಕಾಯಂ ನೌಕರರಾಗಿದ್ದು ಬೇರೆಡೆಗೆ ನಿಯೋಜಿತರಾದ ಅನೇಕರು ಈ ವ್ಯಾಖ್ಯೆಯೊಳಗೆ ಬಾರದಿರಬಹುದು. ಆದರೆ ಎರಡು ಸಾಲಿನ ಪತ್ರ ಕೊಡಲು ಕಾನೂನಿನ ಒತ್ತಾಯವೇ ಬೇಕೆ? ಗ್ರಾಹಕ ಸಂಸ್ಥೆಗಳೂ 'ಇವರು ನಮ್ಮ ನೌಕರರಲ್ಲ' ಎಂದು ಕೈತೊಳೆದುಕೊಳ್ಳುವ ಬದಲು, 'ಇಂಥ ಗುತ್ತಿಗೆಯಡಿ ಇಲ್ಲಿ ಕೆಲಸ ಮಾಡಿದ್ದರು' ಎಂದು ಉತ್ತರಿಸಿದರೆ ಅವುಗಳಿಗೆ ಆಗುವ ನಷ್ಟವೇನು?

ಊರಿಂದೂರಿಗೆ ಹೋಗಿ ದುಡಿದು, ತನ್ನ ಪಾಲಿನ ಕೆಲಸಕ್ಕೆ ಹೆಸರು ಹಚ್ಚುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಊರಿನ ಹೆಸರಿನೊಂದಿಗೆ ಸಹಿ ಬಿಟ್ಟುಹೋಗಿದ್ದಾನೆ. ನುಗ್ಗೇಹಳ್ಳಿ, ಸೋಮನಾಥಪುರಗಳ ಶಿಲ್ಪಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ. ದೇಗುಲ ಕಟ್ಟಿಸಿದವರ ಹೆಸರು ಶಾಸನದಲ್ಲಿ, ಕೆತ್ತಿದವರ ಹೆಸರು ತಾವು ಕೆತ್ತಿದ ವಿಗ್ರಹದ ಬುಡದಲ್ಲಿ. ದೇಗುಲವೇ ತನ್ನದೆಂದು ದಾಸೋಜ ಹೇಳಿಕೊಳ್ಳಲಿಲ್ಲ. ಅವನು ಅಲ್ಲಿ ಇರಲೇ ಇಲ್ಲವೆಂದು ಕಟ್ಟಿಸಿದವರೂ ಹೇಳಲಿಲ್ಲ.

ಆ ಪತ್ರಕ್ಕೆ ಸಹಿ ಹಾಕಿದ ಮೇಲೆ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಪರಿಶೀಲನಾ ವರದಿಯಲ್ಲಿ ಹೆಸರು ತಾಳೆಯಾಗದಿದ್ದರೆ ಮೊದಲು ಅಭ್ಯರ್ಥಿಗೆ ದೂರವಾಣಿ ಮಾಡಿ, 'ನಿಮಗೆ ಸಂಬಳ ಕೊಟ್ಟವರು ಯಾರು' ಎಂದು ಕೇಳುತ್ತೇನೆ. ಉತ್ತರ ಸಿಗಲು ಎರಡು ನಿಮಿಷವೂ ಬೇಕಾಗುವುದಿಲ್ಲ.